ಗುಂಪಲ್ಲಿ ಗೋವಿಂದ ಅಲ್ಲ: ಐದು ವುಡ್‌ಕಟ್ ಪ್ರಿಂಟ್ ತರಿಸ್ಕೊಂಡೆ, ನಾಲ್ಕು ಉಳೀತು

ಫೋನಲ್ಲಿ ನೋಡಿ ಚಿತ್ರ ಕೊಂಡ್ಕೋಬೇಡಿ ಅಂತ ಊರೋರಿಗೆಲ್ಲ ಬುದ್ಧಿ ಹೇಳೋನು ನಾನು, ಕೊನೆಗೆ ಒಂದಿನ ರಾತ್ರಿ ನಿದ್ದೆ ಬರದೆ ಫೋನಲ್ಲೇ ನೋಡಿ ಐದು ಪ್ರಿಂಟ್ ಇರೋ ಒಂದು ಫೋಲ್ಡರ್ ಆರ್ಡರ್ ಮಾಡ್ಬಿಟ್ಟೆ. ವುಡ್‌ಕಟ್ಟು, ಬರೀ ಕಪ್ಪು ಬಿಳುಪು, ಐದರಲ್ಲೂ ಜನರ ಗುಂಪು. ಹೂಕುಂಡ ಇಲ್ಲ, ಬೆಟ್ಟ ಇಲ್ಲ, ಕಿಟಕೀಲಿ ಒಬ್ಬಳೇ ಕೂತ ಹುಡುಗಿ ಇಲ್ಲ, ಬರೀ ಜನ. ನಂಗೆ ಬೇಕಾಗಿದ್ದಿದ್ದೇ ಅದು. ಮಾರಿದೋರ ಹೆಸರು ಇಲ್ಲಿ ಹಾಕಲ್ಲ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗುತ್ತೆ, ಕಲಾವಿದರ ಹೆಸರನ್ನೂ ಹಾಕಲ್ಲ, ಪಾಪ ಅವರದ್ದೇನೂ ತಪ್ಪಿಲ್ಲ.

ಪ್ಯಾಕಿಂಗ್ ಚೆನ್ನಾಗಿತ್ತು. ಸುರುಳಿ ಸುತ್ತಿ ಟ್ಯೂಬಲ್ಲಿ ತುರುಕಿ ಕಳಿಸ್ತಾರೇನೋ ಅಂತ ಭಯ ಇತ್ತು, ಇಲ್ಲ, ಎರಡು ಗಟ್ಟಿ ರಟ್ಟಿನ ಮಧ್ಯೆ ಸಪಾಟಾಗಿ ಇಟ್ಟು ಮೂಲೆಗಳಿಗೆಲ್ಲ ಕ್ಯಾಪ್ ಹಾಕಿ ಕಳಿಸಿದ್ರು. ಒಂದೊಂದು ಹಾಳೆ ಮೇಲೂ ತೆಳ್ಳಗಿನ ಟಿಶ್ಯೂ. ಬಿಚ್ಚಿದ ತಕ್ಷಣ ಎಣ್ಣೆ ಇಂಕಿನ ವಾಸನೆ ಗಪ್ ಅಂತ ಬಂತು ನೋಡಿ, ಅಲ್ಲೇ ಅರ್ಧ ದುಡ್ಡು ವಸೂಲಾಯ್ತು ಅನ್ಸ್ತು ನಂಗೆ. ಡೆಲಿವರಿ ಬಗ್ಗೆ ಇಷ್ಟು ಸಾಕು.

ಈಗ ಒಳಗಿನ ವಿಷಯಕ್ಕೆ ಬರೋಣ. ಹೊಸಬರಿಗೆ ಒಂದು ಮಾತು ಹೇಳ್ಬಿಡ್ತೀನಿ, ಗೊತ್ತಿರೋರು ಈ ಪ್ಯಾರಾ ಹಾರಿಸ್ಬಿಡಿ. ವುಡ್‌ಕಟ್ ಅಂದ್ರೆ ಹಲಗೆ ಮೇಲೆ ಚಿತ್ರ ಬರ್ಕೊಂಡು, ಎಲ್ಲೆಲ್ಲಿ ಬಿಳಿ ಬೇಕೋ ಅಲ್ಲೆಲ್ಲ ಉಳೀಲಿ ಕೆತ್ತಿ ತೆಗೆಯೋದು, ಉಳಿದ ಉಬ್ಬಿಗೆ ರೋಲರಲ್ಲಿ ಇಂಕ್ ಹಚ್ಚಿ ಕಾಗದ ಮಲಗಿಸಿ ಚಮಚೆಲೋ, ಬರೆನ್ ಅಂತಾರಲ್ಲ ಆ ದುಂಡನೆ ತಟ್ಟೇಲೋ, ಇಲ್ಲ ಪ್ರೆಸ್ಸಲ್ಲೋ ಒತ್ತೋದು. ಅಂದ್ರೆ ಕಲಾವಿದ ಕೈಯಾಡಿಸಿದ್ದೆಲ್ಲ ಬಿಳಿ, ಮುಟ್ಟದೇ ಬಿಟ್ಟಿದ್ದೆಲ್ಲ ಕಪ್ಪು. ಪೆನ್ಸಿಲಲ್ಲಿ ಬರೆಯೋದರ ಪೂರ್ತಿ ಉಲ್ಟಾ. ಒಂದ್ಸಲ ಉಳಿ ಜಾರ್ತೋ, ಮುಗೀತು, ಹೋದ ಮರ ವಾಪಸ್ ಬರಲ್ಲ. ಅದಕ್ಕೇ ಒಂದು ಗುಂಪನ್ನ ಕೆತ್ತೋದು ಅಂದ್ರೆ ತಮಾಷೆ ಅಲ್ಲ ಮಾರಾಯ್ರೆ. ಪಕ್ಕ ಪಕ್ಕ ನಿಂತಿರೋ ಇಬ್ಬರ ಭುಜನೂ ಕಪ್ಪು ಅಂದ್ರೆ ಮಧ್ಯೆ ಒಂದು ಬಿಳಿ ಗೆರೆ ಕೆತ್ತಲೇಬೇಕು, ಇಲ್ಲಾಂದ್ರೆ ಇಬ್ಬರೂ ಅಂಟ್ಕೊಂಡು ಒಂದೇ ಮುದ್ದೆ ಆಗ್ತಾರೆ. ಯಾರ ಮಧ್ಯೆ ಗೆರೆ ಕೆತ್ತಬೇಕು, ಯಾರನ್ನ ಹಾಗೇ ಅಂಟಿಸಿ ಬಿಡಬೇಕು, ಇದರಲ್ಲೇ ಇರೋದು ಎಲ್ಲಾ. ನಾನು ಗುಂಪಿನ ವುಡ್‌ಕಟ್ ನೋಡೋವಾಗ ಮೊದಲು ನೋಡೋದೇ ಇದನ್ನ, ಈ ಫೋಲ್ಡರನ್ನೂ ಹಾಗೇ ನೋಡಿದೆ.

ಮೊದಲನೇ ಪ್ರಿಂಟು ಕ್ಯೂ. ಹದಿನೈದು ಹದಿನಾರು ಜನ ಸಾಲಲ್ಲಿ ನಿಂತಿದಾರೆ, ನಮಗೆ ಕಾಣೋದು ಬೆನ್ನು ಮಾತ್ರ. ಯಾಕೆ ನಿಂತಿದಾರೆ, ಮುಂದೆ ಏನಿದೆ, ಏನೂ ತೋರಿಸಿಲ್ಲ. ಬೆನ್ನುಗಳೆಲ್ಲ ಒಂದೇ ಕಪ್ಪು, ಮಧ್ಯೆ ಕೂದಲೆಳೆಯಷ್ಟು ಬಿಳಿ ಗೆರೆ. ಆದ್ರೂ ಒಂದೊಂದು ಬೆನ್ನು ಒಂದೊಂದು ಥರ ಇದೆ ಕಣ್ರೀ, ಒಬ್ಬ ಒಂದು ಕಾಲ ಮೇಲೆ ಭಾರ ಹಾಕಿ ನಿಂತಿದಾನೆ, ಒಬ್ಬಳ ಸೊಂಟದ ಮೇಲೆ ಮಗು ಇದೆ ಅಂತ ಗೊತ್ತಾಗೋದು ಒಂದು ಪುಟ್ಟ ಪಾದದಿಂದ ಮಾತ್ರ, ಇನ್ನೊಬ್ಬ ಕತ್ತು ಉದ್ದ ಮಾಡಿ ಮುಂದೆ ಏನಾಗ್ತಿದೆ ಅಂತ ಇಣುಕ್ತಿದಾನೆ. ಎಲ್ಲಾ ಕ್ಯೂನಲ್ಲೂ ಅಂಥೋನು ಒಬ್ಬ ಇರ್ತಾನಲ್ವಾ. ಇನ್ನೊಂದು ಮಜಾ ಏನಂದ್ರೆ ಇದರಲ್ಲಿ ಚೀಲ ಹಿಡಿದೋರೆಲ್ಲ ಎಡಗೈಲೇ ಹಿಡಿದಿದಾರೆ, ಏಳು ಜನಕ್ಕೆ ಏಳೂ ಜನ. ಮೊದಲ ದಿನ ಏನೋ ಅರ್ಥ ಇರಬೇಕು ಅಂತ ತಲೆ ಕೆರ್ಕೊಂಡೆ, ಆಮೇಲೆ ಹೊಳೀತು, ಹಲಗೆ ಮೇಲೆ ಬಲಗೈಲಿ ಕೆತ್ತಿದ್ದು ಪ್ರಿಂಟಲ್ಲಿ ತಿರುಗಾಮುರುಗಾ ಆಗಿ ಬಂದಿದೆ ಅಷ್ಟೇ. ಕನ್ನಡೀಲಿ ನೋಡ್ದಂಗೆ. ಕೆಲವರು ಮೊದಲೇ ಉಲ್ಟಾ ಬರ್ಕೊಂಡು ಕೆತ್ತುತಾರೆ, ಈ ಪುಣ್ಯಾತ್ಮರು ತಲೆ ಕೆಡಿಸ್ಕೊಂಡಿಲ್ಲ. ನಂಗದು ಖುಷೀನೇ ಆಯ್ತು.

ಎರಡನೇದು. ಇಲ್ಲೇ ಗಲಾಟೆ ಆಗಿದ್ದು. ಕುಣಿಯೋ ಜನರ ಚಿತ್ರ, ಫೋನಲ್ಲಿ ಐದರಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಅದೇ. ಕೈಗೆ ತಗೊಂಡ ಕೂಡ್ಲೇ ಏನೋ ಸರಿ ಇಲ್ಲ ಅನ್ಸ್ತು. ಮಿಕ್ಕ ನಾಲ್ಕರಲ್ಲಿ ಹಾಳೆ ತಿರುಗಿಸಿದ್ರೆ ಹಿಂದ್ಗಡೆ ಒತ್ತಿದ ಗುರುತು ಕಾಣುತ್ತೆ, ಬೆರಳಾಡಿಸಿದ್ರೆ ಉಬ್ಬು ತಗ್ಗು ಸಿಗುತ್ತೆ, ಇದರ ಹಿಂದೆ ನುಣ್ಣಗೆ, ಆಫೀಸಿನ ಪೇಪರ್ ಥರ. ಮಿಕ್ಕವನ್ನ ಬೆಳಕಿಗೆ ಓರೆ ಮಾಡಿ ಹಿಡಿದ್ರೆ ಕಪ್ಪು ಒಂದೇ ಸಮ ಇಲ್ಲ, ಅಂಚಲ್ಲಿ ಇಂಕ್ ಹಿಂಡಿ ಒಂಚೂರು ದಪ್ಪ ಕೂತಿರುತ್ತೆ, ಒಳಗಡೆ ಮರದ ಎಳೆ ಸಣ್ಣಗೆ ಕಾಣುತ್ತೆ, ಬಿಳಿ ಜಾಗದಲ್ಲೂ ಉಳಿಗೆ ಸಿಗದೆ ಉಳಿದ ಸಣ್ಣ ಸಣ್ಣ ಏಣು ಇಂಕ್ ಕಚ್ಕೊಂಡು ಗೀರು ಗೀರಾಗಿ ಬಿದ್ದಿರುತ್ತೆ. ಇದರಲ್ಲೂ ಆ ಗೀರು ಇತ್ತು, ಆದ್ರೆ ಅದು ಗೀರಿನ ಫೋಟೋ. ಭೂತಗನ್ನಡಿ ತಗೊಂಡು ನೋಡಿದೆ, ಚುಕ್ಕಿ ಚುಕ್ಕಿ ಚುಕ್ಕಿ. ಮಷಿನಲ್ಲಿ ಹೊಡೆದ ಡಿಜಿಟಲ್ ಕಾಪಿ. ಅದರ ಕೆಳಗೂ ಪೆನ್ಸಿಲ್ ಸೈನು, ಅದರ ಪಕ್ಕ ನಂಬರ್ ಬೇರೆ, ಸೈನ್ ಕೂಡ ಪ್ರಿಂಟೇ!

ಬರೆದೆ ಅವರಿಗೆ. ಮೊದಲ ಉತ್ತರ, ಇದು ಮ್ಯೂಸಿಯಂ ಕ್ವಾಲಿಟಿ ಸರ್, ನೂರು ವರ್ಷ ಬಣ್ಣ ಹೋಗಲ್ಲ. ಬಣ್ಣ ಎಲ್ಲಿದೆ ಸ್ವಾಮಿ ಇದರಲ್ಲಿ, ಕಪ್ಪು ಬಿಳುಪು ತಾನೇ. ಎರಡನೇ ಉತ್ತರ, ಲಿಸ್ಟಿಂಗ್ ಕೆಳಗೆ ಓದಿ. ಹೋಗಿ ಓದಿದೆ, ಎಲ್ಲಾ ಮುಗಿದ ಮೇಲೆ ಕೊನೇ ಸಾಲಲ್ಲಿ ಇರುವೆ ಅಕ್ಷರದಲ್ಲಿ, ಸೆಟ್‌ನಲ್ಲಿ ಒಂದು ರೀಪ್ರೊಡಕ್ಷನ್ ಇರಬಹುದು ಅಂತ. ಇರಬಹುದು! ಮೇಲ್ಗಡೆ ದಪ್ಪ ಅಕ್ಷರದಲ್ಲಿ ಐದು ಒರಿಜಿನಲ್ ಕೈ ಮುದ್ರಣ ಅಂತ ಹಾಕಿ ಕೆಳಗಡೆ ಇರಬಹುದು ಅಂದ್ರೆ ಇದು ಯಾವ ನ್ಯಾಯ. ರೀಪ್ರೊಡಕ್ಷನ್ ಮಾರೋದು ತಪ್ಪು ಅಂತ ನಾನು ಹೇಳ್ತಿಲ್ಲ, ನನ್ನ ಗೋಡೆ ಮೇಲೂ ಪೋಸ್ಟರ್ ಇದೆ, ಪೋಸ್ಟರನ್ನ ಪೋಸ್ಟರ್ ಅಂತ ಹೇಳಿ ಮಾರಿ, ಅದರ ಕೆಳಗೆ ಸುಳ್ಳು ಪೆನ್ಸಿಲ್ ಸೈನ್ ಯಾಕೆ? ಏಳೆಂಟು ಮೆಸೇಜ್ ಆದ್ಮೇಲೆ ಅದೊಂದನ್ನ ವಾಪಸ್ ತಗೊಂಡು ಅದರ ದುಡ್ಡು ಕೊಟ್ರು, ಅಷ್ಟರ ಮಟ್ಟಿಗೆ ಒಪ್ಪಬೇಕು. ಕಳಿಸೋ ಖರ್ಚು ನಂದೇ.

ನಂಬರ್ ವಿಷಯ ಬಂತಲ್ಲ, ಅದನ್ನೂ ಹೇಳ್ಬಿಡ್ತೀನಿ. ಮಿಕ್ಕ ನಾಲ್ಕರ ಮೇಲೂ 41/60 ಅಂತಿದೆ, ಅಂದ್ರೆ ಅರವತ್ತು ಕಾಪಿ ತೆಗೆದಿದಾರೆ, ಇದು ನಲವತ್ತೊಂದನೇದು. ಚಿಕ್ಕ ನಂಬರ್ ಇದ್ರೆ ಒಳ್ಳೇದು ಅಂತ ಕೆಲವರು ಹಠ ಹಿಡೀತಾರೆ, ನನ್ ಕೇಳಿದ್ರೆ ಅದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಎಷ್ಟೋ ಸಲ ಒಣಗಿದ ಹಾಳೆ ರಾಶಿ ಹಾಕಿ ಆಮೇಲೆ ನಂಬರ್ ಹಾಕ್ತಾರೆ, ಒತ್ತಿದ ಕ್ರಮಾನೇ ಇರಬೇಕು ಅಂತೇನಿಲ್ಲ. ನಿಮ್ಮ ಕೈಲಿರೋ ಹಾಳೇಲಿ ಕಪ್ಪು ಹೇಗೆ ಕೂತಿದೆ ಅಂತ ನೋಡಿ ಸಾಕು. ಅರವತ್ತು ಆದ್ಮೇಲೆ ಹಲಗೆ ಏನ್ ಮಾಡಿದ್ರಿ ಅಂತ ಕೇಳಿದ್ದೆ, ಅದಕ್ಕೆ ಉತ್ತರ ಇಲ್ಲ. ವಾಲೊಟಾನ್ ಅಂತ ಒಬ್ಬ ಇದ್ದ, ಸ್ವಿಟ್ಜರ್ಲೆಂಡಲ್ಲಿ ಹುಟ್ಟಿ ಪ್ಯಾರಿಸ್ಸಲ್ಲಿ ಕೆಲಸ ಮಾಡಿದೋನು, 1898ರಲ್ಲಿ ಹತ್ತು ವುಡ್‌ಕಟ್ ಇರೋ ಒಂದು ಸರಣಿ ತಂದ, ಬರೀ ಮೂವತ್ತು ಸೆಟ್ಟು. ಆಮೇಲೆ ಹಲಗೆಗಳನ್ನ ಕತ್ತರಿಸಿ ಹಾಕ್ದ, ಕತ್ತರಿಸಿದ ತುಂಡುಗಳನ್ನೇ ಜೋಡಿಸಿ ಅದರದ್ದೂ ಒಂದು ಪ್ರಿಂಟ್ ತೆಗೆದ, ನೋಡ್ಕಳಿ ಇನ್ನು ಯಾರೂ ಒತ್ತಕ್ಕಾಗಲ್ಲ ಅಂತ. ಆ ನಿಯತ್ತು ಈ ಕಾಲದಲ್ಲಿ ಕೇಳೋದೇ ದುರಾಸೆ ಇರಬಹುದು ಬಿಡಿ.

ಮೂರನೇದು ನಂಗೆ ಹಿಡಿಸಲಿಲ್ಲ. ಕಲಾವಿದರು ಬಹುಶಃ ತುಂಬ ಕಷ್ಟಪಟ್ಟಿರೋದು ಇದಕ್ಕೇ. ಒಂದು ದೀಪದ ಸುತ್ತ ಇಪ್ಪತ್ತು ಜನ ಬಗ್ಗಿ ಏನನ್ನೋ ಓದ್ತಿದಾರೆ, ಬೆಳಕು ಮಧ್ಯದಿಂದ ಹೊರಗೆ ಸಿಡಿಯುತ್ತೆ. ಐಡಿಯಾ ಚೆನ್ನಾಗಿದೆ, ಕಪ್ಪು ಬಿಳುಪಿಗೆ ಹೇಳಿ ಮಾಡಿಸಿದ ಐಡಿಯಾ. ಎಡವಟ್ಟಾಗಿದ್ದು ಎಲ್ಲಿ ಅಂದ್ರೆ ಇಪ್ಪತ್ತಕ್ಕೆ ಇಪ್ಪತ್ತು ಮುಖಾನೂ ಅಷ್ಟೇ ನಾಜೂಕಾಗಿ ಕೆತ್ತಿದಾರೆ, ಎಲ್ಲರಿಗೂ ಹುಬ್ಬು, ಎಲ್ಲರಿಗೂ ಹಣೆ ಗೆರೆ, ಎಲ್ಲರ ಮೂಗಿನ ಪಕ್ಕ ಅದೇ ಮೂರು ಗೀರು. ಯಾರಿಗೂ ಬೇಜಾರಾಗಬಾರದು ಅಂತ ಮದುವೆ ಮನೆ ಗ್ರೂಪ್ ಫೋಟೋ ತೆಗೆದಂಗಾಗಿದೆ. ಕಣ್ಣಿಗೆ ನಿಲ್ಲೋಕೆ ಜಾಗಾನೇ ಇಲ್ಲ, ಎಲ್ಲರೂ ಎದ್ದು ಕಂಡು ಕೊನೆಗೆ ಯಾರೂ ಕಾಣಲ್ಲ.

ಇಲ್ಲಿ ನಂಗೆ ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ ನೆನಪಾಗ್ದೇ ಇರಲ್ಲ. ಹೋಲಿಕೆ ಅನ್ಯಾಯ ಅಂತ ಗೊತ್ತು, ಆದ್ರೂ ಬಗ್ಗಿದ ಜನ ಅಂದ ಕೂಡ್ಲೇ ಆಯಮ್ಮನೇ ಬರ್ತಾರೆ. 1919ರ ಜನವರೀಲಿ ಜರ್ಮನೀಲಿ ಕಾರ್ಲ್ ಲೀಬ್‌ಕ್ನೆಕ್ಟ್ ಅನ್ನೋ ಎಡಪಂಥದ ನಾಯಕನನ್ನ ಕೊಂದಾಕಿದ್ರು, ಆತನ ಹೆಣದ ಮುಂದೆ ಬಗ್ಗಿ ನಿಂತ ಕೂಲಿಕಾರರ ಚಿತ್ರ ಮಾಡಕ್ಕೆ ಈಕೆ ಮೊದಲು ಎಚಿಂಗಲ್ಲಿ, ಅಂದ್ರೆ ಲೋಹದ ತಗಡನ್ನ ಆಸಿಡ್ಡಲ್ಲಿ ಕೊರೆದು ಒತ್ತೋದರಲ್ಲಿ ನೋಡಿದ್ರು, ಆಗಲಿಲ್ಲ, ಲಿಥೋದಲ್ಲಿ, ಅಂದ್ರೆ ಕಲ್ಲಿನ ಮೇಲೆ ಬರೆದು ಒತ್ತೋದರಲ್ಲಿ ನೋಡಿದ್ರು, ಅದೂ ಸರಿ ಹೋಗಲಿಲ್ಲ. 1920ರಲ್ಲಿ ಅರ್ನ್‌ಸ್ಟ್ ಬಾರ್‌ಲಾಖ್ ಅನ್ನೋರ ವುಡ್‌ಕಟ್ ನೋಡಿದ್ಮೇಲೆ ಮರಕ್ಕೆ ಕೈ ಹಾಕಿದ್ರು, ಆಗ ಆಯ್ತು. ಅದನ್ನ ನೋಡಿದ್ರೆ ಗೊತ್ತಾಗುತ್ತೆ, ಹಿಂದಿನ ಜನ ಒಬ್ಬರೊಳಗೊಬ್ಬರು ಕಪ್ಪಲ್ಲಿ ಮುಳುಗಿದಾರೆ, ಮುಂದೆ ಬಗ್ಗಿದೋನ ಬೆನ್ನು, ಹೆಣದ ಮೇಲಿಟ್ಟ ದೊಡ್ಡ ಕೈ, ಅಷ್ಟೇ ಕಣ್ಣಿಗೆ ಹೊಡೆಯೋದು. ಅದಾದ್ಮೇಲೆ ಯುದ್ಧ ಅಂತ ಏಳು ವುಡ್‌ಕಟ್ಟಿನ ಸರಣಿ ಮಾಡಿದ್ರು, 1914ರಲ್ಲಿ ಯುದ್ಧಕ್ಕೆ ಹೋದ ಚಿಕ್ಕ ಮಗ ಪೀಟರ್ ಅದೇ ವರ್ಷ ಅಕ್ಟೋಬರಲ್ಲಿ ಸತ್ತಿದ್ದ. ಆ ಸರಣೀಲಿ ತಾಯಂದಿರು ಅಂತ ಒಂದಿದೆ, ಹೆಂಗಸರೆಲ್ಲ ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿ ಮಕ್ಕಳನ್ನ ಒಳಗೆ ಮುಚ್ಕೊಂಡು ಒಂದು ಬಂಡೆ ಥರ ನಿಂತಿದಾರೆ. ಎಲ್ಲಿ ಒಬ್ಬಳು ಮುಗಿದು ಇನ್ನೊಬ್ಬಳು ಶುರು ಆಗ್ತಾಳೆ ಅಂತ ಹುಡುಕೋಕೆ ಹೋದ್ರೆ ಸಿಗಲ್ಲ, ಸಿಗಬಾರದು ಕೂಡ. ನನ್ನ ಮೂರನೇ ಪ್ರಿಂಟಿನ ಕಲಾವಿದರು ಆ ಇಪ್ಪತ್ತರಲ್ಲಿ ಹದಿನೈದು ಮುಖ ಕೆತ್ತದೇ ಬಿಟ್ಟಿದ್ರೆ ಒಂದು ವಾರದ ಕೆಲಸ ಉಳೀತಿತ್ತು, ಚಿತ್ರಾನೂ ಉಳೀತಿತ್ತು.

ನಾಲ್ಕನೇದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಜನ ಓಡ್ತಿದಾರೆ, ಎಲ್ಲರೂ ಚಿತ್ರದ ಮೇಲ್ಗಡೆ ಕಿಕ್ಕಿರಿದು, ಕೆಳಗಡೆ ಅರ್ಧಕ್ಕರ್ಧ ಖಾಲಿ ಬಿಳಿ ರಸ್ತೆ. ಹೊಡೆಯುತ್ತೆ ಕಣ್ಣಿಗೆ, ದೂರದಿಂದ ಸೂಪರ್. ಆದ್ರೆ ಇದು ಮೇಲೆ ಹೇಳಿದ ವಾಲೊಟಾನ್‌ದು 1893ರ ಒಂದು ಪ್ರಿಂಟಿದೆಯಲ್ಲ, ಪ್ರತಿಭಟನೆ ಚದುರಿ ಜನ ಓಡೋದು, ಅದರ ಜೋಡಣೆನೇ. ಕದ್ದಿದಾರೆ ಅಂತ ಅನ್ನಲ್ಲ, ಎಲ್ಲರೂ ಎಲ್ಲಿಂದಾದ್ರೂ ಕಲೀಲೇಬೇಕು, ಆದ್ರೂ ಫೋಲ್ಡರ್ ಜೊತೆ ಬಂದ ಚೀಟೀಲಿ ಹಿಂದೆಂದೂ ಕಾಣದ ಸಂಯೋಜನೆ ಅಂತ ಬರೆಯೋ ಅಗತ್ಯ ಏನಿತ್ತು? ಆ ಚೀಟಿ ಬರೆದೋರು ಯಾರೋ ಗೊತ್ತಿಲ್ಲ, ಕಲಾವಿದರಂತೂ ಇರಲಾರರು.

ಐದನೇದಕ್ಕೆ ಬಂದೆ. ಇದೊಂದಕ್ಕೇ ಇಷ್ಟುದ್ದ ಬರೀತಿರೋದು ನಾನು. ರಾತ್ರಿ ರೈಲಿನ ಬೋಗಿ, ಎದುರು ಬದುರು ಎರಡು ಸೀಟಲ್ಲಿ ಒಂಬತ್ತು ಜನ ಕೂತಲ್ಲೇ ನಿದ್ದೆ ಹೋಗಿದಾರೆ. ಒಬ್ಬನ ತಲೆ ಪಕ್ಕದೋನ ಭುಜದ ಮೇಲೆ, ಅವನ ತಲೆ ಕಿಟಕಿ ಸರಳಿಗೆ, ಒಬ್ಬ ಬಾಯಿ ಕಳ್ಕೊಂಡಿದಾನೆ, ಒಂದು ಮುದುಕಿ ಗಂಟನ್ನ ಎರಡು ಕೈಲೂ ತಬ್ಬಿ ಕೂತಿದಾಳೆ, ನಿದ್ದೇಲೂ ಬಿಟ್ಟಿಲ್ಲ. ಗುರುತಿಲ್ಲದೋರು ಅಂತ ನೋಡಿದ್ರೇ ಗೊತ್ತಾಗುತ್ತೆ, ಎಚ್ಚರ ಇದ್ದಿದ್ರೆ ಮೈ ತಾಕದಂಗೆ ಸರಿದು ಕೂರೋ ಜನ. ಈಗ ನೋಡಿ ಕಲಾವಿದರು ಏನ್ ಮಾಡಿದಾರೆ ಅಂತ, ಎಲ್ಲೆಲ್ಲಿ ತಲೆ ಭುಜಕ್ಕೆ ತಾಕಿದೆಯೋ ಅಲ್ಲಲ್ಲಿ ಮಾತ್ರ ಆ ಬಿಳಿ ಗೆರೆ ಕೆತ್ತಿಲ್ಲ. ಮಿಕ್ಕ ಕಡೆ ಎಲ್ಲಾ ಗೆರೆ ಇದೆ, ಮೊಣಕಾಲಿಗೂ ಮೊಣಕಾಲಿಗೂ ಮಧ್ಯೆ ಇದೆ, ಚಪ್ಪಲಿಗೂ ಚಪ್ಪಲಿಗೂ ಮಧ್ಯೆ ಇದೆ, ಒರಗಿದ ಕಡೆ ಇಲ್ಲ. ಅಲ್ಲಿ ಕಪ್ಪಿಗೆ ಕಪ್ಪು ಸೇರ್ಕೊಂಡು ಇಬ್ಬರು ಒಂದಾಗಿಬಿಟ್ಟಿದಾರೆ. ನಾನು ಇದನ್ನ ಗಮನಿಸಿದ್ದು ನಾಲ್ಕನೇ ದಿನ, ಹಲ್ಲುಜ್ಜುತ್ತಾ ನಿಂತಿದ್ದೆ, ಬ್ರಷ್ ಬಾಯಲ್ಲಿಟ್ಕೊಂಡೇ ಹೋಗಿ ಮೂಗು ತಾಗೋಷ್ಟು ಹತ್ರದಿಂದ ನೋಡ್ದೆ. ಬೆಳಗ್ಗೆ ಸ್ಟೇಷನ್ ಬಂದ್ರೆ ಇವರೆಲ್ಲ ಮತ್ತೆ ಬೇರೆ ಬೇರೆ ಆಗ್ತಾರೆ, ಸಾರಿ ಅಂತ ಸರ್ಕೋತಾರೆ.

ಇದಕ್ಕೆ ಮರಾನೂ ಸಾಥ್ ಕೊಟ್ಟಿದೆ. ಹಲಗೆಯ ಎಳೆ ಅಡ್ಡಡ್ಡ ಹರಿದಿದೆ, ಕಪ್ಪು ಜಾಗದಲ್ಲೆಲ್ಲ ಸಣ್ಣ ಸಣ್ಣ ಅಲೆ ಥರ ಕಾಣುತ್ತೆ, ಒಬ್ಬನ ಕೆನ್ನೆಯಿಂದ ಶುರುವಾದ ಎಳೆ ಪಕ್ಕದೋನ ಕತ್ತು ದಾಟಿ ಮುದುಕಿ ಗಂಟಿನ ತನಕ ಹೋಗುತ್ತೆ. ರೈಲು ಅಲುಗಾಡ್ತಿದೆ ಅನ್ಸುತ್ತೆ. ಎಳೆ ಎದ್ದು ಬರ್ಲಿ ಅಂತ ಕೆಲವರು ಹಲಗೆನ ವೈರ್ ಬ್ರಷ್ಷಲ್ಲಿ ಉಜ್ಜುತಾರೆ, ಮೆತ್ತಗಿನ ಭಾಗ ಸವೆದು ಗಟ್ಟಿ ಎಳೆ ಉಬ್ಬಾಗಿ ಉಳಿಯುತ್ತೆ, ಇಲ್ಲೂ ಹಾಗೇ ಮಾಡಿರಬೇಕು. ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್ ಇದನ್ನ ನೂರಿಪ್ಪತ್ತು ವರ್ಷದ ಹಿಂದೇನೇ ಮಾಡಿದ್ದ, ಆತನ ಚುಂಬನ ಅನ್ನೋ ವುಡ್‌ಕಟ್ಟಲ್ಲಿ ಹುಡುಗ ಹುಡುಗಿ ಮುಖಗಳ ಮಧ್ಯೆ ಗೆರೇನೇ ಇಲ್ಲ, ಎರಡೂ ಕರಗಿ ಒಂದಾಗಿದೆ, ಮೇಲೆಲ್ಲ ಮರದ ಎಳೆ. ಅಲ್ಲಿ ಪ್ರೀತಿ ಮಾಡೋ ಇಬ್ಬರು ಅಂಟ್ಕೊಂಡಿದ್ರು, ಇಲ್ಲಿ ಹೆಸರು ಗೊತ್ತಿಲ್ಲದೋರು ಅಂಟ್ಕೊಂಡಿದಾರೆ, ನಂಗೆ ಇದೇ ಒಂದು ತೂಕ ಜಾಸ್ತಿ. ಗುಂಪಲ್ಲಿ ಗೋವಿಂದ ಅಂತೀವಲ್ಲ, ಗುಂಪಿಗೆ ಸೇರಿದ್ರೆ ಆಳು ಕಳೆದುಹೋಗ್ತಾನೆ ಅನ್ನೋ ಅರ್ಥದಲ್ಲಿ, ಇದರಲ್ಲಿ ಒಬ್ಬನೂ ಕಳೆದುಹೋಗಿಲ್ಲ.

ಫ್ರೇಮ್ ಹಾಕ್ಸೋರಿಗೆ ಒಂದೆರಡು ಮಾತು, ನಾನು ಪೆಟ್ಟು ತಿಂದು ಕಲಿತಿದ್ದು. ಫ್ರೇಮ್ ಹಾಕೋರು ನಾನು ಅತ್ಲಾಗೆ ತಿರುಗಿ ಇತ್ಲಾಗೆ ನೋಡೋಷ್ಟರಲ್ಲಿ ಸ್ಕೇಲ್ ಇಟ್ಟು ಸುತ್ತಿನ ಬಿಳಿ ಮಾರ್ಜಿನ್ ಕತ್ತರಿಸೋಕೆ ರೆಡಿ ಆಗಿದ್ರು, ವೇಸ್ಟ್ ಜಾಗ ಸರ್ ಅಂದ್ರು. ಆ ವೇಸ್ಟ್ ಜಾಗದಲ್ಲೇ ನಂಬರ್, ಸೈನು, ಹೆಸರು ಎಲ್ಲಾ ಇರೋದು! ದಯವಿಟ್ಟು ಎದುರಿಗೇ ನಿಂತ್ಕೊಳ್ಳಿ. ಸೆಲ್ಲೋಟೇಪ್ ಹಚ್ಚೋಕೆ ಬಿಡಬೇಡಿ, ಹಿಂದ್ಗಡೆ ರಟ್ಟು ಆಸಿಡ್ ಫ್ರೀ ಇರಲಿ, ಬಿಸಿಲು ಬೀಳೋ ಗೋಡೆ ಬೇಡ, ಕಪ್ಪು ಇಂಕಿಗೆ ಏನೂ ಆಗಲ್ಲ ಆದ್ರೆ ಕಾಗದ ಹಳದಿ ಆಗಿ ಬಿಳಿ ಸತ್ತುಹೋಗುತ್ತೆ, ಬಿಳಿ ಸತ್ರೆ ವುಡ್‌ಕಟ್ಟಲ್ಲಿ ಇನ್ನೇನ್ ಉಳೀತು. ಗಾಜು ಮಾತ್ರ ಯೋಚನೆ ಮಾಡಿ ಹಾಕ್ಸಿ. ನಾನು ಮಾಮೂಲಿ ಗಾಜು ಹಾಕ್ಸಿದೆ, ಇಷ್ಟೊಂದು ಕಪ್ಪಿನ ಮೇಲೆ ಗಾಜು ಬಂದ್ರೆ ಅದು ಕನ್ನಡಿನೇ. ಕ್ಯೂ ಚಿತ್ರ ನೋಡೋಕೆ ಹೋದ್ರೆ ಬೆನ್ನುಗಳ ಮಧ್ಯೆ ನನ್ನ ಮುಖ, ಹಿಂದೆ ಟ್ಯೂಬ್‌ಲೈಟು. ಹೊಳಪಿಲ್ಲದ ಗಾಜು ದುಬಾರಿ, ಆದ್ರೂ ಅದನ್ನೇ ಹಾಕ್ಸಿ.

ಯಾರು ತಗೋಬಹುದು? ಸೋಫಾಗೆ ಮ್ಯಾಚ್ ಆಗೋ ಥರ ಏನಾದ್ರೂ ಬೇಕು ಅನ್ನೋರಿಗಲ್ಲ ಇದು, ಕಪ್ಪು ಜಾಸ್ತಿ, ರೂಮು ಚಿಕ್ಕದಿದ್ರೆ ಭಾರ ಅನ್ಸುತ್ತೆ, ಮನೇಲಿ ಒಬ್ಬರು ಇದೇನು ಸಾವಿನ ಮನೆ ಥರ ಅಂತಾನೂ ಅಂದ್ರು. ಮತ್ತೆ ಐದನ್ನೂ ಒಂದೇ ಗೋಡೆಗೆ ಹಾಕಬೇಡಿ, ಐವತ್ತರವತ್ತು ಜನ ಒಟ್ಟಿಗೆ ನಿಮ್ಮನ್ನ ಸುತ್ತುವರಿದಂಗೆ ಆಗುತ್ತೆ. ನಾನು ಎರಡನ್ನ ಹಾಕಿದೀನಿ, ಕ್ಯೂ ಒಂದು, ರೈಲು ಒಂದು. ಓಡೋ ಜನ ಫೋಲ್ಡರಲ್ಲೇ ಇದಾರೆ. ದೀಪದ್ದು ಯಾರಾದ್ರೂ ಕೇಳಿದ್ರೆ ಕೊಟ್ಬಿಡ್ತೀನಿ. ಸ್ಟಾರ್ ಕೊಡ್ಲೇಬೇಕು ಅಂದ್ರೆ ಕಲಾವಿದರಿಗೆ ಐದಕ್ಕೆ ನಾಲ್ಕು, ಆ ರೈಲಿಗೋಸ್ಕರ ಇನ್ನರ್ಧ, ಮಾರಿದೋರಿಗೆ ಎರಡು, ಅದೂ ಪ್ಯಾಕಿಂಗ್ ನೋಡಿ.

ಅವರೇ ಮೊನ್ನೆ ಮತ್ತೆ ಮೆಸೇಜ್ ಹಾಕಿದಾರೆ, ಅದೇ ಕಲಾವಿದರದ್ದು ಹೊಸ ಪ್ರಿಂಟ್ ಬಂದಿದೆ, ಮಳೇಲಿ ಒಂದು ಸೂರಿನ ಕೆಳಗೆ ನಿಂತ ಜನ, ನಿಮಗಂತ ಒಂದು ತೆಗೆದಿಟ್ಟಿದೀವಿ ಅಂತ. ಫೋಟೋ ನೋಡ್ದೆ, ಸಣ್ಣ ಸೂರು, ಅದರ ಕೆಳಗೆ ಹನ್ನೊಂದು ಜನ ಒತ್ಕೊಂಡಿದಾರೆ, ಆಸೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಹಾಳೆಯ ಹಿಂದ್ಗಡೆ ಫೋಟೋ ಒಂದು ಕಳ್ಸಿ ಅಂತ ಬರೆದಿದೀನಿ. ಎರಡು ನೀಲಿ ಟಿಕ್ ಬಂದು ಆರು ದಿನ ಆಯ್ತು.